ಬಿಪಿ ನೋಡುವವಳ ಕಿವಿ

ನಾನು ಹತ್ತೊಂಬತ್ತು ವರ್ಷಗಳಿಂದ ಹಳ್ಳಿಯ ಆರೋಗ್ಯ ಉಪಕೇಂದ್ರದಲ್ಲಿ ನರ್ಸ್. ಊರಿನ ಹಿರಿಯರಿಗೆ ನರ್ಸಮ್ಮ, ಹುಡುಗಿಯರಿಗೆ ಸಿಸ್ಟರ್. ಮನೆ ಮಳವಳ್ಳಿಯಲ್ಲಿ, ಕೆಲಸ ಕಿರುಗಾವಲಿನಿಂದ ಒಂದಿಷ್ಟು ಒಳಗೆ ಹೋದರೆ ಸಿಗುವ ಊರಿನಲ್ಲಿ. ಬಸುರಿಯರ ತೂಕ ನೋಡುವುದು, ರಕ್ತದೊತ್ತಡ ನೋಡುವುದು, ಮಕ್ಕಳಿಗೆ ಚುಚ್ಚುಮದ್ದು ಹಾಕುವುದು, ಎಲ್ಲವನ್ನೂ ತಾಯಿ ಕಾರ್ಡಿನಲ್ಲಿ ಬರೆಯುವುದು. ಈ ಕೆಲಸ ಮಾಡುತ್ತಲೇ ಎರಡು ವರ್ಷ ನನಗೆ ಕಿವಿ ಸರಿಯಾಗಿ ಕೇಳಿಸುತ್ತಿರಲಿಲ್ಲ. ಅದನ್ನು ಯಾರಿಗೂ ಹೇಳಿರಲಿಲ್ಲ.

ಮೊದಲು ಗೊತ್ತಾಗಿದ್ದು ಬಿಪಿ ನೋಡುವಾಗ. ತೋಳಿಗೆ ಪಟ್ಟಿ ಕಟ್ಟಿ, ಗಾಳಿ ತುಂಬಿ, ನಿಧಾನಕ್ಕೆ ಬಿಡುತ್ತಾ ಹೋದರೆ ಸ್ಟೆತಸ್ಕೋಪಿನಲ್ಲಿ ಟಪ್ ಟಪ್ ಎಂದು ಸದ್ದು ಶುರುವಾಗುತ್ತದೆ. ಶುರುವಾದಲ್ಲಿ ಮೇಲಿನ ಅಂಕಿ, ನಿಂತಲ್ಲಿ ಕೆಳಗಿನ ಅಂಕಿ. ಆ ಸದ್ದು ನನ್ನಿಂದ ದೂರ ಸರಿಯುತ್ತಾ ಹೋಯಿತು. ಫ್ಯಾನ್ ಆರಿಸಿ ನೋಡಿದೆ. ಬಾಗಿಲು ಹಾಕಿಸಿ ನೋಡಿದೆ. ಸ್ವಂತ ದುಡ್ಡಿನಲ್ಲಿ ಹೊಸ ಸ್ಟೆತಸ್ಕೋಪು ತಂದೆ. ಕೊನೆಗೆ ಪಾದರಸ ಎಲ್ಲಿ ಅಲುಗುತ್ತದೆ ಎಂದು ಕಣ್ಣಲ್ಲೇ ನೋಡಿ, ಹುಡುಗಿಯ ಮುಖವನ್ನೂ ಒಮ್ಮೆ ನೋಡಿ, ಅಂದಾಜಿನಲ್ಲಿ ಬರೆಯತೊಡಗಿದೆ. ಗುಂಡಿ ಒತ್ತಿದರೆ ತಾನೇ ಅಂಕಿ ತೋರಿಸುವ ಮಿಷನ್ನು ನಮ್ಮ ಡಾಕ್ಟರ ಹತ್ತಿರ ಇತ್ತು. ಕೇಳಿದ್ದರೆ ಕೊಡುತ್ತಿದ್ದರು. ಯಾಕೆ ಎಂದು ಅವರು ಕೇಳಿಬಿಟ್ಟರೆ ಏನು ಹೇಳುವುದು ಎಂದು ನಾನು ಕೇಳಲಿಲ್ಲ.

ಮುಚ್ಚಿಟ್ಟಿದ್ದಕ್ಕೆ ಕಾರಣ ನನ್ನವ್ವ. ಅವಳಿಗೂ ನಲವತ್ತರ ಹೊತ್ತಿಗೆ ಕಿವಿ ಹೋಗಿತ್ತು. ಊರಿನ ಬಾಯಲ್ಲಿ ಅವಳ ಹೆಸರು ಹೋಗಿ ಕೆಪ್ಪಿ ಎಂಬುದೊಂದೇ ಉಳಿಯಿತು. ನನ್ನ ಮದುವೆ ಮಾತುಕತೆಗೆ ಬಂದವರೂ ‘ಆ ಕೆಪ್ಪಿ ಮಗಳಾ’ ಎಂದೇ ಕೇಳಿದ್ದರು.

ಮನೆಯಲ್ಲಿ ಯಾರಿಗೂ ಗೊತ್ತಾಗಲಿಲ್ಲ. ಮಗಳು ಮೈಸೂರಿನ ಹಾಸ್ಟೆಲಿನಲ್ಲಿದ್ದಳು. ನನ್ನ ಗಂಡ ಶಿವಣ್ಣ ಹಿಟ್ಟಿನ ಮಿಲ್ಲು ನಡೆಸುತ್ತಾರೆ. ಇಡೀ ದಿನ ಮಿಲ್ಲಿನ ಸದ್ದಿನ ಮೇಲೆ ಕೂಗಿ ಕೂಗಿ, ಮನೆಗೆ ಬಂದರೂ ಅದೇ ದನಿ. ಅವರ ಮಾತು ನನಗೆ ಚೆನ್ನಾಗಿಯೇ ಕೇಳುತ್ತಿತ್ತು. ಇನ್ನೊಂದು ವಿಚಿತ್ರವಿತ್ತು. ಬಸ್ಸಿನಲ್ಲಿ ಕೂತರೆ ಪಕ್ಕದವರ ಮಾತು ಉಪಕೇಂದ್ರದಲ್ಲಿ ಕೇಳುವುದಕ್ಕಿಂತ ಸ್ಪಷ್ಟವಾಗಿ ಕೇಳುತ್ತಿತ್ತು. ಬಸ್ಸಿನ ಗದ್ದಲದಲ್ಲೇ ಕೇಳುವವಳಿಗೆ ಕಿವಿ ಹೇಗೆ ಕೆಟ್ಟೀತು ಎಂದು ನನಗೆ ನಾನೇ ಸಮಾಧಾನ ಹೇಳಿಕೊಳ್ಳುತ್ತಿದ್ದೆ.

ಅದೊಂದು ತಪಾಸಣೆಯ ದಿನ ನಸ್ರೀನ್ ಬಂದಳು. ಇಪ್ಪತ್ತೆರಡರ ಹುಡುಗಿ, ಮೊದಲ ಬಸುರು, ಎಂಟು ತಿಂಗಳು ತುಂಬಿತ್ತು. ಗಂಡ ಕಿರುಗಾವಲಿನಲ್ಲಿ ಟ್ರ್ಯಾಕ್ಟರ್ ರಿಪೇರಿ ಅಂಗಡಿ ಇಟ್ಟಿದ್ದಾನೆ. ಅತ್ತೆ ಹೊರಗೆ ಜಗಲಿಯ ಮೇಲೆ ಕೂತಿದ್ದರು. ನಸ್ರೀನಳದು ಮೊದಲೇ ಮೆಲುದನಿ, ಜೊತೆಗೆ ದುಪಟ್ಟಾದ ಅಂಚು ಬಾಯಿಗೆ ಅಡ್ಡ. ನಾನು ತೋಳಿಗೆ ಪಟ್ಟಿ ಕಟ್ಟುತ್ತಿದ್ದಾಗ ಅವಳು ಏನೋ ಹೇಳಿದಳು. ನಾನು ‘ಹೂಂ’ ಅಂದೆ. ಮತ್ತೇನೋ ಹೇಳಿದಳು. ಮತ್ತೆ ‘ಹೂಂ’ ಅಂದೆ. ಪಾದರಸ ನೋಡಿದೆ, ಮುಖ ನೋಡಿದೆ, 120/80 ಎಂದು ಬರೆದೆ. ಕಾಲು ಊದಿದ್ದು ಕಾಣುತ್ತಿತ್ತು. ಕೊನೆಯ ತಿಂಗಳುಗಳಲ್ಲಿ ಎಲ್ಲರಿಗೂ ಊದುತ್ತದೆ ಎಂದುಕೊಂಡೆ.

ಸಂಜೆ ಕಿರುಗಾವಲಿನಲ್ಲಿ ಮಳವಳ್ಳಿ ಬಸ್ಸು ಹತ್ತಿದೆ. ಬೆಳಿಗ್ಗೆ ತಪಾಸಣೆಯಲ್ಲಿ ನನ್ನ ಜೊತೆಗಿದ್ದ ಆಶಾ ಕಾರ್ಯಕರ್ತೆ ಜಯಮ್ಮನೂ ಮಗಳ ಮನೆಗೆಂದು ಅದೇ ಬಸ್ಸಿನಲ್ಲಿದ್ದಳು. ಬಸ್ಸು ಊರು ದಾಟಿದ ಮೇಲೆ ನನ್ನ ಕಡೆ ವಾಲಿ ಕೇಳಿದಳು:

“ಸಿಸ್ಟರ್, ನಸ್ರೀನುಗೆ ತಲೆನೋವಿಗೆ ಮಾತ್ರೆ ಏನಾರ ಕೊಟ್ರಾ?”

“ಯಾವ ತಲೆನೋವು?”

“ಅದೇ ಕಣ್ ಸಿಸ್ಟರ್, ನಿಮ್ ಮುಂದೇನೇ ಯೋಳುದ್ಲಲ್ಲ. ಎಲ್ಡು ದಿನದಿಂದ ತಲೆ ಸಿಡೀತದೆ, ಕಣ್ಮುಂದೆ ಮಿಣಮಿಣ ಅಂತದೆ ಅಂತ. ನೀವು ಹೂಂ ಅಂದ್ರಿ. ಏನೂ ಇಲ್ವೇನೋ ಬುಡು ಅನ್ಕಂಡೆ.”

ಎಂಟು ತಿಂಗಳ ಬಸುರಿ, ಕಾಲು ಊದಿದೆ, ತಲೆ ಸಿಡಿಯುತ್ತದೆ, ಕಣ್ಣ ಮುಂದೆ ಮಿನುಗುತ್ತದೆ. ತರಬೇತಿಯ ಮೊದಲ ವರ್ಷದಲ್ಲೇ ನಮಗೆ ಬಾಯಿಪಾಠ ಮಾಡಿಸಿದ, ಬಿಪಿ ಏರಿ ಫಿಟ್ಸ್ ಬರುವ ಅಪಾಯದ ಲಕ್ಷಣಗಳಿವು. ಅವಳು ಅವನ್ನು ನನ್ನ ಮುಂದೆ ಒಂದೊಂದಾಗಿ ಹೇಳಿದ್ದಳು.

ಎದ್ದು ನಿಂತೆ. ಕಂಡಕ್ಟರು “ಇಲ್ಲಿ ಸ್ಟಾಪಿಲ್ಲ ಕಣಮ್ಮ” ಅಂದ. ಜಯಮ್ಮ “ಆಸ್ಪತ್ರೆ ಕೆಲ್ಸ ಕಣಪ್ಪ, ನಿಲ್ಸು” ಎಂದು ಗದರಿದಳು. ಗದ್ದೆ ಬಯಲಿನ ನಡುವೆ ಇಳಿದೆವು. ಎದುರಿನಿಂದ ಬಂದ ಒಂದು ಲಗೇಜ್ ಆಟೋಗೆ ಕೈ ಅಡ್ಡ ಹಿಡಿದು ಹತ್ತಿದೆವು. ಕಿರುಗಾವಲಿನ ಔಷಧಿ ಅಂಗಡಿಯಲ್ಲಿ ಗುಂಡಿ ಒತ್ತುವ ಬಿಪಿ ಮಿಷನ್ನನ್ನು ಎರವಲು ಕೇಳಿ ತೆಗೆದುಕೊಂಡೆ. ಜಯಮ್ಮ ದಾರಿಯುದ್ದಕ್ಕೂ ನನ್ನನ್ನು ನೋಡುತ್ತಿದ್ದಳು. ನಾನು ಆ ಕಡೆ ತಿರುಗಲಿಲ್ಲ.

ನಾವು ಮನೆ ಮುಟ್ಟಿದಾಗ ನಸ್ರೀನ್ ಒಳಕೋಣೆಯಲ್ಲಿ ಕಣ್ಣು ಮುಚ್ಚಿ ಮಲಗಿದ್ದಳು. ಬೆಳಕು ಚುಚ್ಚುತ್ತದೆಂದು ಕಿಟಕಿಗೆ ಬಟ್ಟೆ ಕಟ್ಟಿದ್ದರು. ಮಿಷನ್ನಿನ ಪಟ್ಟಿ ತೋಳಿನ ಮೇಲೆ ಉಬ್ಬಿ, ಇಳಿದು, ಅಂಕಿ ಬಂತು. 176/114. ಇನ್ನೊಂದು ತೋಳಿಗೆ ಕಟ್ಟಿದೆ. ಅಷ್ಟೇ ಬಂತು. ಗೋಡೆಯ ಮೊಳೆಗೆ ನೇತುಹಾಕಿದ್ದ ಪ್ಲಾಸ್ಟಿಕ್ ಕವರಿನೊಳಗೆ ತಾಯಿ ಕಾರ್ಡಿತ್ತು. ಅದರಲ್ಲಿ ಬೆಳಗಿನ ಅಂಕಿ ನನ್ನ ಕೈಬರಹದಲ್ಲಿತ್ತು.

ಡಾಕ್ಟರಿಗೆ ಫೋನ್ ಮಾಡಿದೆ. ಅವರು ಏನು ಹೇಳುತ್ತಿದ್ದಾರೆ ಎಂಬುದು ಅರ್ಧಂಬರ್ಧ ಕೇಳಿಸಿತು. ಅಂದಾಜು ಮಾಡುವ ಧೈರ್ಯ ಆಗ ಬರಲಿಲ್ಲ. ಫೋನನ್ನು ಜಯಮ್ಮನ ಕೈಗೆ ಕೊಟ್ಟು, “ಡಾಕ್ಟ್ರು ಏನಂತಾರೋ ಅದನ್ನ ನನಗೆ ಗಟ್ಟಿಯಾಗಿ ಹೇಳು” ಅಂದೆ. ಅವಳು ಒಂದು ಗಳಿಗೆ ನನ್ನ ಮುಖ ನೋಡಿ, ಫೋನ್ ಕಿವಿಗಿಟ್ಟು, ಒಂದೊಂದೇ ಮಾತನ್ನು ಕೂಗಿ ಹೇಳಿದಳು. ಅವಳಿಗೆ ಆಗಲೇ ಎಲ್ಲ ಅರ್ಥವಾಗಿತ್ತು.

ಆಂಬುಲೆನ್ಸ್ ಬಂತು. ನಸ್ರೀನಳ ಗಂಡ ಬೈಕಿನಲ್ಲಿ ಹಿಂದೆ ಹೊರಟ. ಒಳಗೆ ನಾನು, ಅವಳ ಅತ್ತೆ. ಆಕೆ ಸೊಸೆಯ ಪಾದ ಹಿಡಿದು ಕೂತು, ನನ್ನನ್ನೇ ನೋಡುತ್ತಾ ಕೇಳಿದರು: “ಬೆಳಿಗ್ಗೆ ಎಲ್ಲಾ ಸರ್ಯಾಗೈತೆ ಅಂತ ಬರ್ದಿದ್ರಿ. ಸಂಜೆಗೆ ಏನಾಯ್ತು ನರ್ಸಮ್ಮ?”

ಆ ಪ್ರಶ್ನೆ ಸ್ಪಷ್ಟವಾಗಿ ಕೇಳಿಸಿತು. ಕೇಳಿಸದವಳಂತೆ ಕೂತೆ.

ಮಂಡ್ಯದ ಆಸ್ಪತ್ರೆ ಮುಟ್ಟುವಷ್ಟರಲ್ಲಿ ಅವಳಿಗೆ ಒಮ್ಮೆ ಫಿಟ್ಸ್ ಬಂತು. ಸ್ಟ್ರೆಚರ್ ಬಾಗಿಲೊಳಗೆ ಹೋಯಿತು. ಅವಳ ಗಂಡ ರಕ್ತ ಹೊಂದಿಸಲು ಓಡಿದ. ಅತ್ತೆ ನೀರು ಕುಡಿಯಲು ಹೋದರು. ಬೆಂಚಿನ ಮೇಲೆ ನಾನೊಬ್ಬಳೇ. ಜನ ಓಡಾಡುತ್ತಿದ್ದರು, ಬಾಗಿಲು ತೆರೆದು ಮುಚ್ಚುತ್ತಿತ್ತು, ಯಾರೋ ಬಂದು ಏನೋ ಹೇಳಿ ಹೋಗುತ್ತಿದ್ದರು. ಯಾವ ಹೆಸರು ಯಾವಾಗ ಕರೆಯುತ್ತಾರೋ ಎಂದು ಬಾಗಿಲಿನಿಂದ ಕಣ್ಣು ಕೀಳದೆ ಕೂತಿದ್ದೆ. ಆದರೂ ತಪ್ಪಿತು. ಪಕ್ಕದಲ್ಲಿದ್ದ ಹೆಂಗಸು ನನ್ನ ಭುಜ ತಟ್ಟಿದಳು. ಮದ್ದೂರಿನ ಕಡೆಯವಳು, ತಂಗಿಯನ್ನು ಹೆರಿಗೆಗೆ ತಂದಿದ್ದಳು.

“ನಸ್ರೀನ್ ಅಂದ್ರೆ ನಿಮ್ ಕಡೇರಾ? ಮೂರು ಸತಿ ಕೂಗವ್ರೆ ಕಣವ್ವ. ಕಿವಿ ಕೇಳಾಕಿಲ್ವಾ ನಿಂಗೆ?”

“ಇಲ್ಲ ಕಣಕ್ಕ,” ಅಂದೆ. “ಕೇಳಾಕಿಲ್ಲ.”

ಎರಡು ವರ್ಷದಲ್ಲಿ ಮೊದಲ ಬಾರಿಗೆ ಅದನ್ನು ಬಾಯಿಬಿಟ್ಟು ಹೇಳಿದ್ದು, ಹೆಸರೂ ಗೊತ್ತಿಲ್ಲದ ಆ ಹೆಂಗಸಿಗೆ. ಓಡಿಹೋಗಿ ನಸ್ರೀನಳ ಗಂಡನನ್ನು ಆಪರೇಷನ್ನಿನ ಸಹಿಗೆ ಕರೆತಂದೆ. ವಾಪಸು ಬಂದಾಗ ಆ ಹೆಂಗಸು ಜಾಗ ಹಿಡಿದಿಟ್ಟಿದ್ದಳು. “ಕೂತ್ಕೊ. ನಂಗೆ ಕೇಳ್ತದೆ. ಕೂಗುದ್ರೆ ನಾನು ಯೋಳ್ತೀನಿ,” ಅಂದಳು. ಆಮೇಲೆ ಬಾಗಿಲು ತೆರೆದಾಗಲೆಲ್ಲ ನನ್ನ ತೊಡೆ ತಟ್ಟಿ, ‘ನಿಂದಲ್ಲ’ ಎಂದು ತಲೆಯಾಡಿಸುತ್ತಿದ್ದಳು. ಕೊನೆಗೊಮ್ಮೆ ತಲೆಯಾಡಿಸದೆ ನನ್ನ ಕೈ ಹಿಡಿದು ಎಬ್ಬಿಸಿದಳು. ಆಪರೇಷನ್ ಆಗಿತ್ತು. ಹೆಣ್ಣು ಮಗು, ಎರಡು ಕೇಜಿಗೂ ಕಡಿಮೆ, ಗಾಜಿನ ಪೆಟ್ಟಿಗೆಯಲ್ಲಿಟ್ಟಿದ್ದರು. ತಾಯಿಗೆ ಇನ್ನೂ ಎಚ್ಚರವಿರಲಿಲ್ಲ. ಅವಳು ಕಣ್ಣು ಬಿಟ್ಟು ಗಂಡನ ಹೆಸರು ಹೇಳಿದ್ದು ಮಾರನೆಯ ದಿನ ಬೆಳಿಗ್ಗೆ. ಆ ಸುದ್ದಿ ಕೇಳಿಯೇ ನಾನು ಮಂಡ್ಯದಿಂದ ಹೊರಟೆ.

ಸೀದಾ ನಮ್ಮ ಡಾಕ್ಟರ ಬಳಿ ಹೋದೆ. ನನಗಿಂತ ಹದಿನೈದು ವರ್ಷ ಚಿಕ್ಕವರು. ನಿಂತುಕೊಂಡೇ ಹೇಳಿದೆ.

“ಎಷ್ಟು ದಿನದಿಂದ ಸಿಸ್ಟರ್?”

“ಎರಡು ವರ್ಷ ಮೇಡಂ.”

ಅವರು ಪೆನ್ನು ಕೆಳಗಿಟ್ಟರು. “ಇಂಥ ಅಂಕಿ ಎಷ್ಟು ಬರೆದಿದ್ದೀರಿ?”

“ಗೊತ್ತಿಲ್ಲ ಮೇಡಂ.”

“ಒಂದು ಮಿಷನ್ ಕೇಳಿದ್ರೆ ಕೊಡ್ತಿರಲಿಲ್ವಾ ನಾನು?”

ಅವರು ಸಮಾಧಾನ ಹೇಳಲಿಲ್ಲ. ನನ್ನಿಂದ ಬರಹದಲ್ಲಿ ವಿವರಣೆ ತೆಗೆದುಕೊಂಡರು, ಮೇಲಿನವರಿಗೆ ಕಳಿಸುವುದಾಗಿ ಹೇಳಿದರು. ನನ್ನ ದಾಖಲೆ ಪುಸ್ತಕದಲ್ಲಿರುವ ಪ್ರತಿಯೊಬ್ಬ ಬಸುರಿಯನ್ನೂ ಮೂರು ದಿನದೊಳಗೆ ಮತ್ತೆ ನೋಡಬೇಕು, ಜಯಮ್ಮ ಜೊತೆಯಲ್ಲೇ ಇರಬೇಕು, ಕಿವಿಯ ರಿಪೋರ್ಟು ತರುವ ತನಕ ಒಬ್ಬಳೇ ಯಾರನ್ನೂ ಮುಟ್ಟಬಾರದು ಎಂದರು. ತಮ್ಮ ಮೇಜಿನ ಮೇಲಿದ್ದ ಮಿಷನ್ನನ್ನೇ ನನ್ನ ಕಡೆ ತಳ್ಳಿದರು.

ಆ ಮೂರು ದಿನ ಮನೆಮನೆಗೆ ನಡೆದೆವು. ಅಂಕಿ ಬಂದ ಮೇಲೆ ಜಯಮ್ಮ ಅದನ್ನು ಗಟ್ಟಿಯಾಗಿ ಓದುವಳು, ನಾನು ಬರೆಯುವೆ. ಒಬ್ಬಳಿಗೆ ಸ್ವಲ್ಪ ಹೆಚ್ಚಿತ್ತು. ಅವಳನ್ನು ಅಂದೇ ಡಾಕ್ಟರ ಬಳಿ ಕಳಿಸಿದೆವು. ಉಳಿದವರೆಲ್ಲ ಸರಿಯಿದ್ದರು. ಅದು ನನ್ನ ಜಾಣತನವಲ್ಲ, ಅವರ ಅದೃಷ್ಟ.

ವಿಷಯ ತಿಳಿದಾಗ ಶಿವಣ್ಣ ಮಿಲ್ಲಿಗೆ ಬೀಗ ಹಾಕಿ ನನ್ನೊಂದಿಗೆ ಮಂಡ್ಯಕ್ಕೆ ಬಂದರು. ಕಿವಿ ಡಾಕ್ಟರ ಕೋಣೆಯ ಮುಂದೆ ಸಾಲು ಕುರ್ಚಿ. ಒಬ್ಬ ಅಜ್ಜ, ಮಾತು ಬಾರದ ಒಂದು ಮಗುವಿನ ತಾಯಿ, ನಾವು. ನನ್ನ ಹೆಸರು ಕರೆದಾರೆಂದು ಶಿವಣ್ಣ ಕುರ್ಚಿಯ ತುದಿಯಲ್ಲೇ ಕೂತಿದ್ದರು. ಡಾಕ್ಟರು ಕವಲಿರುವ ಉಕ್ಕಿನ ಕಡ್ಡಿಯನ್ನು ಮೀಟಿ ನನ್ನ ಕಿವಿಯ ಮುಂದೆ ಹಿಡಿದರು. ಏನೂ ಇಲ್ಲ. ಅದರ ಬುಡವನ್ನು ಕಿವಿಯ ಹಿಂದಿನ ಮೂಳೆಗೆ ಒತ್ತಿದರು. ಒಮ್ಮೆಲೇ ಝುಂ ಎಂದು ತಲೆತುಂಬ ಕೇಳಿಸಿತು. ಹೆದರಿ ಅವರ ಕೈ ಹಿಡಿದುಕೊಂಡೆ.

ಕಿವಿಯೊಳಗಿನ ಅಕ್ಕಿಕಾಳಿಗಿಂತ ಚಿಕ್ಕದೊಂದು ಮೂಳೆ ಬಿಗಿದುಕೊಂಡಿದೆ ಎಂದರು. ನಿಮ್ಮ ತಾಯಿಗೂ ಇದೇ ಇದ್ದಿರಬಹುದು. ಗದ್ದಲದಲ್ಲಿ ಚೆನ್ನಾಗಿ ಕೇಳುವುದೂ ಇದರದೇ ಲಕ್ಷಣ ಎಂದರು. ಆಪರೇಷನ್ ಮಾಡಬಹುದು, ಕಿವಿಗೆ ಮಿಷನ್ ಹಾಕಿಕೊಂಡೂ ಇರಬಹುದು, ಆತುರವಿಲ್ಲ. ಆಪರೇಷನ್ ಎಂದರೆ ನನಗೆ ಭಯ. ಮೊದಲು ಮಿಷನ್ ನೋಡುತ್ತೇನೆ ಎಂದೆ.

ಹೊರಗೆ ಟೀ ಕುಡಿಯುವಾಗ ಶಿವಣ್ಣ ಕೇಳಿದರು: “ನಂಗಾದ್ರೂ ಯಾಕೆ ಯೋಳ್ನಿಲ್ಲ ಭಾಗ್ಯ?”

“ನಿಮ್ಮ ಮಾತು ಕೇಳ್ತಿತ್ತಲ್ಲ.”

ಅವರು ಲೋಟ ಹಿಡಿದು ಯೋಚಿಸಿದರು. “ಅಂದ್ರೆ ಎಲ್ಡು ವರ್ಸ ನಾನು ಕೂಗಾಡಿದ್ದೊಂದೇ ನಿಂಗೆ ಕೇಳ್ತಿದ್ದದ್ದಾ?” ಅಂದರು.

ಕಿವಿಯ ಮಿಷನ್ ಕೊಡುವ ಕೋಣೆಯಲ್ಲಿದ್ದವಳು ಚಂದನಾ ಎಂಬ ಹುಡುಗಿ. ಎರಡು ಮಾದರಿಗಳನ್ನು ಬಟ್ಟೆಯ ಮೇಲಿಟ್ಟಳು. ಒಂದು ಕಡಲೆಕಾಳಿನಷ್ಟು, ಕಿವಿಯೊಳಗೇ ಕೂರುವಂಥದ್ದು, ದುಬಾರಿ. ಇನ್ನೊಂದು ಬೇಸಿಕ್ ಮಾಡೆಲ್: ಕಿವಿಯ ಹಿಂದೆ ಕೂತು, ಕೊಳವೆಯೊಂದು ಮುಂದೆ ಬರುತ್ತದೆ, ನೋಡಿದವರಿಗೆಲ್ಲ ಕಾಣುತ್ತದೆ. ನನ್ನ ಕೈ ಚಿಕ್ಕದರ ಮೇಲೆ ಹೋಯಿತು.

“ಅದೇ ತಕ್ಕೊ. ದುಡ್ಡಿನ ಮಾತು ಬುಡು,” ಅಂದರು ಶಿವಣ್ಣ.

ಅದನ್ನು ಕಿವಿಗಿಟ್ಟು ನೋಡಿದೆ. ಚಂದನಾಳ ಮಾತು ಹತ್ತಿರ ಬಂತು. ಆಗ ಚೀಲದಿಂದ ನನ್ನ ಸ್ಟೆತಸ್ಕೋಪು, ಹಳೆಯ ಬಿಪಿ ಪಟ್ಟಿ ಹೊರಗೆ ತೆಗೆದೆ. ನನಗೆ ಬೇಕಾಗಿದ್ದದ್ದು ಅದು: ಯಾರಿಗೂ ಕಾಣದ ಮಿಷನ್ನು, ಅದರ ಮೇಲೆ ಸ್ಟೆತಸ್ಕೋಪು, ಮತ್ತೆ ಹಳೆಯ ಭಾಗ್ಯ. ಶಿವಣ್ಣ ತೋಳು ಚಾಚಿದರು. ಗಾಳಿ ತುಂಬಿ ಬಿಟ್ಟೆ. ಮೊದಲು ಕುಂಯ್ ಎಂದು ಸೀಟಿ. ಆಮೇಲೆ ಏನೋ ಟಪ್ ಅಂದಂತಾಯಿತು, ಅಥವಾ ಅನ್ನಲಿ ಎಂದು ನಾನು ಕಾಯುತ್ತಿದ್ದೆ.

“ನೂರಿಪ್ಪತ್ತು, ಎಂಬತ್ತು,” ಅಂದೆ.

ಚಂದನಾ ಪಕ್ಕದ ಕೋಣೆಯಿಂದ ಗುಂಡಿ ಒತ್ತುವ ಮಿಷನ್ ತಂದು ಅದೇ ತೋಳಿಗೆ ಕಟ್ಟಿದಳು. 152/96 ಬಂತು. ಶಿವಣ್ಣನಿಗೆ ಬಿಪಿ ಇದೆಯೆಂದು ನಮಗಿಬ್ಬರಿಗೂ ಅವತ್ತಿನ ತನಕ ಗೊತ್ತಿರಲಿಲ್ಲ. ನಸ್ರೀನಳ ಕಾರ್ಡಿನಲ್ಲಿ ಬರೆದ ಅಂಕಿಯನ್ನೇ ನನ್ನ ಗಂಡನ ತೋಳು ಹಿಡಿದುಕೊಂಡು ಮತ್ತೆ ಹೇಳಿದ್ದೆ. ಸ್ಟೆತಸ್ಕೋಪು ಕಿವಿಯಿಂದ ತೆಗೆದು ಮಡಿಸಿ ಚೀಲಕ್ಕೆ ಹಾಕಿದೆ.

ಚಂದನಾ ಮಾದರಿಗಳನ್ನು ಪಕ್ಕಕ್ಕೆ ಸರಿಸಿ ಕೇಳಿದಳು: “ಮೇಡಂ, ಬೆಳಿಗ್ಗೆಯಿಂದ ಸಂಜೆವರೆಗೆ ಯಾರ ಯಾರ ಮಾತು ನಿಮಗೆ ಕೇಳಲೇಬೇಕು? ಅದನ್ನ ಹೇಳಿ.”

ಯೋಚಿಸಿ ಹೇಳಿದೆ. ಎದುರಿಗೆ ಒಂದು ಮಾರು ದೂರದಲ್ಲಿ ಕೂತ ಬಸುರಿಯರ ಮೆಲುಮಾತು. ಡಾಕ್ಟರ ಫೋನು. ಜಯಮ್ಮ ಬಾಗಿಲಿನಿಂದ ಕರೆದರೆ ಅದು. ಭಾನುವಾರ ಮಗಳ ಫೋನು.

“ಇಷ್ಟಕ್ಕೆ ಬೇಸಿಕ್ ಮಾಡೆಲ್ ಸಾಕು. ನಿಮ್ಮ ಥರದ ಕಿವಿಗೆ ಸದ್ದು ಜಾಸ್ತಿ ಮಾಡಿಕೊಟ್ರೆ ಆಯ್ತು, ಒಳಗಿನ ನರ ಚೆನ್ನಾಗಿದೆ. ಆದ್ರೆ ಬಿಪಿ ಕೆಲಸ ಇದರಿಂದ ಆಗುತ್ತೆ ಅಂತ ನಾನು ಹೇಳಲ್ಲ. ಆ ದುಬಾರಿಯದ್ದರಿಂದಲೂ ಅಷ್ಟೇ.”

ಬೇಸಿಕ್ ಮಾಡೆಲ್ಲನ್ನೇ ತೆಗೆದುಕೊಂಡೆ. ಶಿವಣ್ಣ ಎರಡು ಸಲ “ನೋಡ್ಕೊ” ಅಂದರು. ನೋಡಿಕೊಂಡೆ ಅಂದೆ. ಅವರಿಗೆ ಬಿಪಿ ಮಾತ್ರೆ ಬರೆಸಿಕೊಂಡು ಬಸ್ಸು ಹತ್ತಿದೆವು. ಯಾವ ಬಸ್ಸಿನಲ್ಲಿ ನನಗೆ ಹಾಯಾಗಿತ್ತೋ ಅದೇ ಬಸ್ಸು ಈಗ ತಲೆಗೆ ಹೊಡೆದಂತಾಯಿತು. ಮಳವಳ್ಳಿ ಬರುವ ತನಕ ಮಿಷನ್ ಬಿಚ್ಚಿ ಕೈಯಲ್ಲಿ ಹಿಡಿದಿದ್ದೆ.

ಮೊದಲ ವಾರಗಳು ಕಷ್ಟವಾದವು. ನನ್ನ ದನಿ ನನಗೇ ಡಬ್ಬಿಯೊಳಗಿನಿಂದ ಬಂದಂತಿತ್ತು. ಪ್ಲಾಸ್ಟಿಕ್ ಕವರಿನ ಸದ್ದಿಗೆ ಬೆಚ್ಚಿಬೀಳುತ್ತಿದ್ದೆ. ಸಂಜೆಯಾದರೆ ಕಿವಿಯ ಹಿಂದೆ ಉರಿ. ಚಂದನಾ ಎರಡು ಸಲ ಸದ್ದು ಸರಿಮಾಡಿಕೊಟ್ಟಳು. ಒಂದು ದಿನ ಉಪಕೇಂದ್ರದ ನಲ್ಲಿಯ ಹತ್ತಿರ ಯಾರೋ “ಕೆಪ್ಪಿ ನರ್ಸು ಬಂದವ್ಳಾ?” ಎಂದು ಕೇಳಿದರು. ಮಿಷನ್ ಹಾಕಿದ್ದರಿಂದಲೇ ಅದು ಕೇಳಿಸಿತು. “ಬಂದವ್ಳೆ, ಬಾ ಒಳಿಕ್ಕೆ,” ಅಂದೆ. ಆಕೆ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಒಳಗೆ ಬಂದಳು. ರಾತ್ರಿ ಊಟ ಸೇರಲಿಲ್ಲ, ಅದೂ ನಿಜ.

ನನ್ನ ಮೇಲಿನ ವಿಚಾರಣೆ ಎಚ್ಚರಿಕೆಯ ಪತ್ರದಲ್ಲಿ ಮುಗಿಯಿತು. ಕೆಲಸ ಉಳಿಯಿತು. ನಸ್ರೀನಳಿಗೆ ಮಾತ್ರ ಇನ್ನೂ ಹೇಳಿರಲಿಲ್ಲ.

ಚುಚ್ಚುಮದ್ದಿನ ದಿನ ಅವಳು ಅತ್ತೆಯೊಂದಿಗೆ ಮಗುವನ್ನು ತಂದಳು. ಸಾಲಿನಲ್ಲಿದ್ದವರನ್ನೆಲ್ಲ ಮುಗಿಸಿ, ಅವಳನ್ನು ಕೊನೆಗೆ ಒಳಗೆ ಕರೆದೆ. ಅತ್ತೆಯನ್ನೂ ಕರೆದೆ. ಜಯಮ್ಮ ಬಾಗಿಲಲ್ಲಿ ನಿಂತಳು. ಆ ಬೆಳಿಗ್ಗೆ ನೀನು ಹೇಳಿದ್ದು ನನಗೆ ಕೇಳಿಸಿರಲಿಲ್ಲ, ಕಾರ್ಡಿನಲ್ಲಿ ಬರೆದ ಅಂಕಿ ನಾನು ನೋಡಿದ್ದಲ್ಲ, ಅಂದಾಜು ಎಂದು ಹೇಳಿದೆ.

ಅತ್ತೆ ಮೊದಲು ಮಾತಾಡಿದರು. “ನಮ್ ಹುಡ್ಗಿ ಹೋಗ್ಬುಟ್ಟಿದ್ರೆ?”

ಉತ್ತರಕ್ಕೆ ಕಾಯದೆ ಎದ್ದು ಹೊರಗೆ ಹೋಗಿ ಜಗಲಿಯ ಮೇಲೆ ಬೆನ್ನು ತಿರುಗಿಸಿ ಕೂತರು.

ನಸ್ರೀನ್ ಮಗುವಿನ ಟೋಪಿ ಸರಿಮಾಡುತ್ತಿದ್ದಳು. “ಅವತ್ತು ಮನೇಲಿ ಅತ್ತೆ ಕೇಳಿದ್ರು ಸಿಸ್ಟರ್, ತಲೆನೋವು ಅಂತಿದ್ದಲ್ಲ, ಹೇಳಿದ್ಯಾ ಅಂತ. ಹೇಳ್ದೆ, ಸಿಸ್ಟರ್ ಹೂಂ ಅಂದ್ರು, ಏನೂ ಇಲ್ಲ ಅಂದೆ. ಅದಕ್ಕೇ ಸಂಜೆವರೆಗೂ ಯಾರಿಗೂ ಹೇಳ್ದೆ ಮಲ್ಕೊಂಡಿದ್ದೆ.”

ನಾನು ತಲೆ ತಗ್ಗಿಸಿದೆ. ಅವಳು ನನ್ನ ಕಿವಿಯ ಹಿಂದಿನ ಮಿಷನ್ನನ್ನು ನೋಡಿದಳು. ದುಪಟ್ಟಾದ ಅಂಚು ಬಾಯಿಗೆ ಅಡ್ಡ ಹಿಡಿದಳು. ಅಭ್ಯಾಸವೋ, ಬೇಕೆಂದೋ ತಿಳಿಯಲಿಲ್ಲ. ಅದೇ ಮೆಲುದನಿಯಲ್ಲಿ ಏನೋ ಹೇಳಿದಳು. ಹೇಳಿ, ಕಾದಳು.

“ಮಗು ನಿನ್ನೆಯಿಂದ ಹಾಲು ಕಕ್ತಾ ಇದೆ, ಎರಡು ಸಲ ಆಯ್ತು. ಮೈ ಬಿಸಿ ಇಲ್ಲ. ಅಷ್ಟೇ ಅಲ್ವಾ ನೀನು ಹೇಳಿದ್ದು?” ಎಂದು ಕೇಳಿದೆ.

“ಎರಡಲ್ಲ ಸಿಸ್ಟರ್. ಮೂರು.”

“ಮೂರು,” ಅಂದೆ. ಅವಳ ಮುಂದೆಯೇ ಕಾರ್ಡಿನಲ್ಲಿ ಮೂರು ಎಂದು ಬರೆದು, ಅವಳ ಕಡೆ ತಿರುಗಿಸಿ ತೋರಿಸಿದೆ. ಅವಳು ಬೆರಳಿಟ್ಟು ಓದಿದಳು. ಆಮೇಲೆ ಮಗುವನ್ನು ಎತ್ತಿ ನನ್ನ ತೊಡೆಯ ಮೇಲೆ ಮಲಗಿಸಿದಳು.